ಮೂರು ಬಗೆಯ ಕಪ್ಪು

ಹೊನ್ನಾವರದ ದಿನಕರನ ಮನೆಯ ನಡುಕೋಣೆಯಲ್ಲಿ ಒಂದು ಕಪ್ಪು ಫೋಟೋ ತೂಗುತ್ತಿತ್ತು. ಕಪ್ಪು ಬಿಳುಪು ಫೋಟೋ ಅಲ್ಲ, ಬರೀ ಕಪ್ಪು. ತೇಗದ ಚೌಕಟ್ಟು, ಅದಕ್ಕೊಂದು ಗಾಜು, ಗಾಜಿನ ಹಿಂದೆ ಇದ್ದಲಿನ ಬಣ್ಣದ ಕಾಗದ. ಕಣ್ಣು ಕಿರಿದು ಮಾಡಿ ನೋಡಿದರೆ ನಡುವೆ ಫ್ರಾಕಿನ ಬಿಳಿ ಕಾಲರೊಂದು ಕಾಣುತ್ತಿತ್ತು, ಅದರ ಮೇಲೆ ಹಣೆಯೋ ಕೆನ್ನೆಯೋ ಇರಬಹುದು ಎನ್ನುವಂಥ ಒಂದು ಮಸುಕು. ಬಂದ ನೆಂಟರು ಇದೆಂಥ ಫೋಟೋ ಎಂದು ಕೇಳುವರು. ಅದು ಗಂಗೆ ಎಂದು ದಿನಕರನ ತಾಯಿ ನಾಗು ಹೇಳುವಳು. ಕೇಳಿದವರು ಆಮೇಲೆ ಚಹದ ಲೋಟದ ಕಡೆ ನೋಡುತ್ತ ಮಾತು ಬದಲಿಸುವರು.

ಗಂಗೆ ನಾಗುವಿನ ಚೊಚ್ಚಲ ಮಗಳು. ಇನ್ನೇನು ಶಾಲೆಗೆ ಸೇರಿಸಬೇಕು ಎನ್ನುವ ವರ್ಷ, ಕುಮಟೆಯ ಹತ್ತಿರದ ಬಾಡದಲ್ಲಿ, ಆಷಾಢದ ಜ್ವರವೊಂದು ಅವಳನ್ನು ತೆಗೆದುಕೊಂಡು ಹೋಯಿತು. ದಿನಕರ ಹುಟ್ಟಿದ್ದು ಅದಾಗಿ ಎಷ್ಟೋ ಹರಕೆಗಳ ಮೇಲೆ. ಹಾಗಾಗಿ ಅಕ್ಕ ಎಂದರೆ ಅವನ ಪಾಲಿಗೆ ಆ ಕಪ್ಪು ಚೌಕವೇ. ಚಿಕ್ಕವನಿದ್ದಾಗ ಸ್ಟೂಲು ಹತ್ತಿ ಅದರೊಳಗೆ ಇಣುಕುತ್ತಿದ್ದ. ಕಪ್ಪಿನ ಮೇಲಿನ ಗಾಜು ಕನ್ನಡಿಯ ಕೆಲಸ ಮಾಡುತ್ತದಷ್ಟೆ. ಒಳಗಿನಿಂದ ಒಂದು ಮಗುವಿನ ಮುಖ ಅವನನ್ನೇ ದಿಟ್ಟಿಸುತ್ತಿತ್ತು. ಅಕ್ಕ ದಿನಾ ತನ್ನನ್ನು ನೋಡುತ್ತಾಳೆಂದು ನಂಬಿಕೊಂಡೇ ಅವನು ಬೆಳೆದ. ಅದು ತನ್ನ ಮುಖ ಎಂದು ತಿಳಿದ ಮೇಲಾದರೂ ಹೆದರಿಕೆ ಹೋಗಬೇಕಿತ್ತು, ಹೋಗಲಿಲ್ಲ. ಅವಳ ಜಾಗದಲ್ಲಿ ತಾನು ಕೂತಿದ್ದೇನೆ ಎನ್ನುವ ಹೊಸ ಹೆದರಿಕೆ ಬಂತು.

ಅಪ್ಪ ಗಣಪ ಆ ಕಡೆಗೆಲ್ಲ ಹೆಸರುವಾಸಿ ಫೋಟೋಗ್ರಾಫರು. ಮೊದಲು ಕುಮಟೆಯಲ್ಲಿ ಅವನ ಸ್ಟುಡಿಯೋ ಇತ್ತು. ಗಂಗೆ ಹೋದ ಮೇಲೆ ಅದನ್ನು ಮುಚ್ಚಿ, ಬಾಡದ ಮನೆ ಬಿಟ್ಟು, ಹೊನ್ನಾವರದಲ್ಲಿ ಹೊಸ ಬೋರ್ಡು ಹಾಕಿದ. ಕತ್ತಲೆ ಕೋಣೆಯಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಮೀನು ಬಲೆ ಹೊಲಿಯುವ ಮುದುಕನ ಕಪ್ಪು ಮುಖದಲ್ಲಿ ನೆರಿಗೆ ಎಣಿಸುವ ಹಾಗೆ ಪ್ರಿಂಟು ಹಾಕುತ್ತಿದ್ದ. ಅಂಥವನ ಕೈಯಲ್ಲಿ ಸ್ವಂತ ಮಗಳ ಫೋಟೋ ಹೀಗೆ ಕೆಟ್ಟಿತಲ್ಲ ಎಂದು ಜನ ಮರುಗುತ್ತಿದ್ದರು. ಜ್ವರದಲ್ಲಿ ತೆಗೆದದ್ದು, ಮಳೆಗಾಲ, ಬೆಳಕು ಸಾಲಲಿಲ್ಲ, ನೆಗೆಟಿವಿನ ಗಾಜಿನ ಪ್ಲೇಟೇ ಕೆಟ್ಟಿತು ಎಂದು ಅವನು ಹೇಳಿಕೊಂಡು ಬಂದ. ಸಾಯುವವರೆಗೂ ಅದೇ ಮಾತು. ಆಮೇಲೆ ಸ್ಟುಡಿಯೋ ದಿನಕರನ ಕೈಗೆ ಬಂತು.

ಬೇರೆ ಫೋಟೋ ಇರಲಿಲ್ಲವೇ ಎಂದರೆ ಇರಲಿಲ್ಲ. ಎಳೆ ಮಕ್ಕಳ ಫೋಟೋ ತೆಗೆದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ಆಗಿನವರು ನಂಬಿದ್ದರು, ನಾಗು ಎಲ್ಲರಿಗಿಂತ ಜೋರಾಗಿ ನಂಬಿದ್ದಳು. ಗಂಡ ಊರ ಮಕ್ಕಳನ್ನೆಲ್ಲ ಕ್ಯಾಮರಾದ ಮುಂದೆ ನಿಲ್ಲಿಸುತ್ತಿದ್ದರೂ ತನ್ನ ಮಗಳನ್ನು ಅದರ ಹತ್ತಿರ ಹೋಗಗೊಡುತ್ತಿರಲಿಲ್ಲ. ಕಾಪಾಡಿದ್ದೇ ಕಾಪಾಡಿದ್ದು.

ಎರಡು ಸಾವಿರದ ಆರನೇ ಇಸವಿಯಲ್ಲಿ ನಾಗುವಿನ ಕಣ್ಣು ಹೋಗತೊಡಗಿತು. ಒಂದು ಕಣ್ಣು ಯಾವಾಗಲೋ ಆರಿತ್ತು, ಮುದುಕಿ ಹೇಳಿರಲಿಲ್ಲ. ಇನ್ನೊಂದರಲ್ಲಿ ಬಿದಿರ ಕೊಳವೆಯೊಳಗಿಂದ ನೋಡಿದಷ್ಟೇ ಜಗತ್ತು ಉಳಿದಿತ್ತು. ಒಳಗಿನ ಒತ್ತಡಕ್ಕೆ ನರ ಸತ್ತಿದೆ, ಹೋದದ್ದು ಬರುವುದಿಲ್ಲ, ಉಳಿದದ್ದೂ ಬಹಳ ದಿನ ನಿಲ್ಲುವುದಿಲ್ಲ ಎಂದು ಕುಮಟೆಯ ಕಣ್ಣಿನ ಡಾಕ್ಟರು ದಿನಕರನನ್ನು ಹೊರಗೆ ಕರೆದು ಹೇಳಿದರು. ಹೊರಗೆ ಕರೆದದ್ದರಲ್ಲೇ ನಾಗುವಿಗೆ ಎಲ್ಲ ತಿಳಿಯಿತು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವಳು ಅರ್ಧ ದಾರಿಯಲ್ಲಿ ಮಗನ ಮೊಣಕಾಲಿನ ಮೇಲೆ ಕೈಯಿಟ್ಟಳು.

“ತಮಾ, ಕಣ್ಣು ಪೂರಾ ಹೋಗೂಕೆ ಮುಂಚೆ ನಂಗೆ ಗಂಗೆ ಮುಖ ಒಂದ್ಸಲ ಕಾಣ್ಬೇಕು. ಪ್ಲೇಟು ಅಪ್ಪನ ಪೆಟ್ಟಿಗೆಯಲ್ಲಿ ಇದ್ದು. ನಿಂದು ಹೊಸ ಮಿಷನ್ನಿನ ಕಾಲ. ಎಂತಾದ್ರೂ ಮಾಡು.”

ಅವಳು ಮಗನ ಹತ್ತಿರ ಏನನ್ನೂ ಬೇಡಿದವಳಲ್ಲ. ದಿನಕರ ಆತು ಅವ್ವಿ ಎಂದುಬಿಟ್ಟ.

ಎಂದದ್ದು ಸುಲಭ. ಗಾಜಿನ ಪ್ಲೇಟನ್ನು ಒರೆಸಿ ಸ್ಕ್ಯಾನ್ ಮಾಡಿದಾಗ ಕಂಪ್ಯೂಟರಿನ ಪರದೆಯಲ್ಲಿ ಕತ್ತಲೆಯೊಳಗೆ ಏನೇನೋ ಇರುವುದು ಕಂಡಿತು. ಕಾಗದದ ಮೇಲೆ ತರಲು ಹೋದರೆ ಎಲ್ಲ ಮುಳುಗಿಹೋಯಿತು. ಅವನ ಪ್ರಿಂಟರಿನಲ್ಲಿ ಕಪ್ಪು ಶಾಯಿ ಇದ್ದದ್ದು ಒಂದೇ ಬಗೆ. ಆ ಒಂದೇ ಕಪ್ಪಿನಿಂದ ಬೂದು ಬಣ್ಣ ಹುಟ್ಟಿಸಬೇಕೆಂದರೆ ಮಿಷನ್ನು ಬಿಳಿ ಕಾಗದದ ಮೇಲೆ ಕರಿ ಚುಕ್ಕೆಗಳನ್ನು ದೂರ ದೂರ ಉದುರಿಸುತ್ತದೆ. ಸತ್ತವರ ಕೆನ್ನೆ ಮೇಲೆ ಕಾಳುಮೆಣಸಿನ ಪುಡಿ ಚೆಲ್ಲಿದ ಹಾಗೆ. ಚುಕ್ಕೆ ಬೇಡವೆಂದರೆ ನೀಲಿ, ಕೆಂಪು, ಹಳದಿ ಬೆರೆಸಿ ಬೂದು ಮಾಡುತ್ತದೆ. ಆ ಬೂದು ಟ್ಯೂಬ್‌ಲೈಟಿನಡಿ ಹಸಿರು, ಅಂಗಳದ ಬಿಸಿಲಲ್ಲಿ ನೇರಳೆ. ಸತ್ತವರ ಹನ್ನೆರಡನೇ ದಿನಕ್ಕೆ ಗೋಡೆಗೆ ಹಾಕುವ ಫೋಟೋಗಳೇ ಅವನ ಸ್ಟುಡಿಯೋದ ಮುಖ್ಯ ವ್ಯಾಪಾರವಾಗಿದ್ದರಿಂದ ಈ ಬಣ್ಣಕ್ಕೆ ಬೈಸಿಕೊಳ್ಳುವುದು ಅವನಿಗೆ ಹೊಸದಲ್ಲ. ನಮ್ಮಪ್ಪ ಹೃದಯ ನಿಂತು ಸತ್ತದ್ದು, ನೀವು ವಾಂತಿ ಬಂದವನ ಹಾಗೆ ಮಾಡಿದ್ದೀರಿ ಎಂದು ಕಾಸರಕೋಡಿನವನೊಬ್ಬ ಫ್ರೇಮು ವಾಪಸು ತಂದಿಟ್ಟಿದ್ದ. ಇನ್ನು ಗಾಢ ನೆರಳಿನ ಭಾಗವಂತೂ ಒಂದೇ ಕಪ್ಪಿನಲ್ಲಿ ಗಟ್ಟಿ ಡಾಂಬರು. ಕೂದಲು, ಕುರ್ಚಿ, ಹಿಂದಿನ ಪರದೆ ಎಲ್ಲವೂ ಒಂದೇ ಮುದ್ದೆ.

ಭಟ್ಕಳದಲ್ಲಿ ಮುಝಮ್ಮಿಲ್ ಎನ್ನುವವನು ದುಬೈ ಸಾಮಾನಿನ ಅಂಗಡಿ ಇಟ್ಟಿದ್ದ. ಅವನ ಅಳಿಯ ದುಬೈಯಿಂದ ಒಂದು ಪ್ರಿಂಟರು ತಂದಿದ್ದಾನೆಂದು ಸುದ್ದಿ ಕೇಳಿ ದಿನಕರ ಹೋದ. ಶವದ ಪೆಟ್ಟಿಗೆಯಷ್ಟು ಉದ್ದದ ಮಿಷನ್ನು, ಕೊಳ್ಳುವವರಿಲ್ಲದೆ ಮೇಲೆ ಧೂಳು ಕೂತಿತ್ತು. ಮುಚ್ಚಳ ತೆಗೆದು ಮುಝಮ್ಮಿಲ್ ಸಾಲಾಗಿ ಕೂತ ಶಾಯಿ ಡಬ್ಬಿಗಳನ್ನು ತೋರಿಸಿದ. ಇದರಲ್ಲಿ ಕಪ್ಪು ಒಂದಲ್ಲ, ಮೂರು: ಒಂದು ಅಚ್ಚ ಕಪ್ಪು, ಒಂದು ತಿಳಿ ಕಪ್ಪು, ಇನ್ನೊಂದು ಅದಕ್ಕಿಂತಲೂ ತಿಳಿ, ಕಾಗದದ ಮೇಲೆ ಬಿದ್ದದ್ದೂ ಗೊತ್ತಾಗದಷ್ಟು ತಿಳಿ. ಬೂದು ಬೇಕಾದಲ್ಲಿ ಬೂದನ್ನೇ ಹಾಕುತ್ತದೆ, ಕರಿ ಚುಕ್ಕೆ ಉದುರಿಸಿ ಮೋಸ ಮಾಡುವುದಿಲ್ಲ ಎಂದ. ನಂಬಿಸಲಿಕ್ಕೆ ತನ್ನ ಅಜ್ಜನ ಮದುವೆ ಫೋಟೋ ಒಂದನ್ನು ಅದರಲ್ಲೇ ಹಾಕಿದ್ದನ್ನು ತಂದಿಟ್ಟ. ಕಪ್ಪು ಶೇರ್ವಾನಿ, ಕಪ್ಪು ಗುಂಡಿ, ಗುಂಡಿ ಹೊಲಿದ ಕಪ್ಪು ನೂಲು, ಮೂರೂ ಬೇರೆ ಬೇರೆ ಕಾಣುತ್ತಿದ್ದವು.

“ಅಚ್ಚ ಕಪ್ಪು ಎಲ್ಲಾ ಮಿಷನ್ನಲ್ಲೂ ಇದ್ದದ್ದೇ ಭಾಯಿ,” ಎಂದ ಮುಝಮ್ಮಿಲ್. “ಆದಮಿ ಮುಖ ಸಿಗೂದು ಮೂರನೇ ಕಪ್ಪಲ್ಲಿ.”

ದಿನಕರ ಮಿಷನ್ನನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಬಂದ. ಹಿಂದಿನ ದಿನದವರೆಗೆ ಧೂಳು ತಿನ್ನುತ್ತಿದ್ದ ಯಂತ್ರ ಮೊದಲು ಕಾಗದಕ್ಕೆ ಬರೀ ಗೆರೆ ಎಳೆಯಿತು. ಶಾಯಿ ಉಗುಳುವ ಅದರ ತಲೆ ತೊಳೆದು, ಪರೀಕ್ಷೆಯ ಪ್ರಿಂಟು ತೆಗೆದು, ಮತ್ತೆ ತೊಳೆದು, ಕರೆಂಟು ಹೋದಾಗೆಲ್ಲ ದೇವರನ್ನೂ ವಿದ್ಯುತ್ ಮಂಡಳಿಯನ್ನೂ ಒಟ್ಟಿಗೇ ನೆನೆದು ಅಂತೂ ದಾರಿಗೆ ತಂದ. ಆಮೇಲೆ ಪ್ಲೇಟಿನ ಸ್ಕ್ಯಾನಿಗೆ ಕೈ ಹಾಕಿದ.

ಸಮುದ್ರದ ತೇವಕ್ಕೆ ಈ ಕಡೆಯ ಹಳೇ ನೆಗೆಟಿವುಗಳಿಗೆಲ್ಲ ಬೂಷ್ಟು ಹಿಡಿಯುತ್ತದೆ. ಅದನ್ನು ಪರದೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಅಳಿಸಿ ಚರ್ಮಕ್ಕೆ ಚರ್ಮ, ಬಟ್ಟೆಗೆ ಬಟ್ಟೆ ತೇಪೆ ಹಾಕುವುದು ಅವನಿಗೆ ನಿತ್ಯದ ಕೆಲಸ. ಗಂಗೆಯ ಕೊರಳಿನ ಎರಡೂ ಬದಿಗೆ ಉದ್ದುದ್ದ ಬಿಳಿಚು ಕಲೆಗಳಿದ್ದವು. ಬೂಷ್ಟು ಎಂದುಕೊಂಡು ಒರೆಸಿದ. ಕಣ್ಣಿನ ರೆಪ್ಪೆಯ ಅಂಚು ಒಂದು ಕೂದಲಿನಷ್ಟು ಎರಡಾಗಿ ಕಾಣುತ್ತಿತ್ತು, ಕೆಳತುಟಿಯೂ ಹಾಗೇ. ಸ್ಕ್ಯಾನರು ಅದುರಿರಬೇಕೆಂದು ಅದನ್ನೂ ತಿದ್ದಿ ಒಂದು ಮಾಡಿದ. ಕೈ ಚೆನ್ನಾಗಿ ಓಡಿತು. ಅಪ್ಪನಿಂದಾಗದ್ದು ತನ್ನಿಂದಾಗುತ್ತಿದೆ ಎನ್ನುವ ಸಣ್ಣ ಜಂಬವೂ ಇತ್ತು, ಇರಲಿ ಬಿಡಿ, ಯಾರಿಗಿರುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕಾಗದ ಹೊರಬರತೊಡಗಿತು. ಮಿಷನ್ನಿನ ತಲೆ ಎಡಕ್ಕೂ ಬಲಕ್ಕೂ ಸರಿದ ಹಾಗೆ ಮೊದಲು ಬರೀ ಕತ್ತಲೆ ಬಂತು, ಕತ್ತಲೆಯೊಳಗೆ ಕೂದಲು, ಕೂದಲಿಗೆ ಎಣ್ಣೆ ಹಾಕಿ ತೆಗೆದ ಬೈತಲೆ. ಆಮೇಲೆ ಹಣೆ. ಅರ್ಧ ತೆರೆದ ಕಣ್ಣುಗಳು. ದಿನಕರ ಕೂತಲ್ಲೇ ಹಿಂದೆ ಸರಿದ. ಇಷ್ಟು ವರ್ಷ ಆ ಕಪ್ಪಿನ ಹಿಂದೆ ಯಾರೂ ಇಲ್ಲ ಎಂದು ತನಗೆ ತಾನೇ ಹೇಳಿಕೊಂಡು ಧೈರ್ಯ ತಂದುಕೊಂಡವನು ಅವನು. ಅವಳು ಅಲ್ಲೇ ಇದ್ದಳು. ಪೂರ್ತಿಯಾಗಿ, ಕಿವಿಯ ಮೇಲಿನ ಎಳೆ ರೋಮದ ಸಮೇತ ಇದ್ದಳು. ಅವನು ಹುಟ್ಟುವ ಮೊದಲಿನಿಂದಲೂ ಹಾಗೇ ಕೂತಿದ್ದಳು.

ಒಣಗಲೆಂದು ಪ್ರಿಂಟನ್ನು ಸ್ಟುಡಿಯೋದ ಒಳಕೋಣೆಯಲ್ಲಿ ಹಗ್ಗಕ್ಕೆ ಸಿಕ್ಕಿಸಿದ. ಆಮೇಲೆ ಆ ಕೋಣೆಗೆ ಬೆನ್ನು ಹಾಕಿ ಕೂರಲು ಅವನಿಂದಾಗಲಿಲ್ಲ. ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರು ಎಂತ ಮಾರಾಯ, ಒಳಗೆ ಯಾರಿದ್ದಾರೆ, ಆ ಕಡೆಯೇ ನೋಡುತ್ತೀಯಲ್ಲ ಎಂದು ನಕ್ಕರು. ಊಟ ತಂದ ಹೆಂಡತಿ ಸುಪ್ರಿಯಾ ಹಗ್ಗದ ಮುಂದೆ ನಿಂತವಳು ನಿಂತೇ ಇದ್ದಳು. ಮಗು ಚೆಂದ ಇದೆ, ಆದರೆ ಎಂತಕ್ಕೋ ಅದು ಕೂತ ಹಾಗೆ ಕಾಣುವುದಿಲ್ಲ, ಯಾರೋ ಕೂರಿಸಿದ ಹಾಗೆ ಕಾಣುತ್ತದೆ ಎಂದಳು. ಇದನ್ನು ಅತ್ತೆಗೆ ಕೊಡಬೇಡಿ, ಇದ್ದದ್ದು ಇದ್ದ ಹಾಗೇ ಇರಲಿ ಎಂದೂ ಹೇಳಿದಳು. ದಿನಕರ ಸಿಡುಕಿದ. ಹೆಂಗಸರಿಗೆಲ್ಲ ಇದೇ ಕೆಲಸ ಎಂದ. ಸುಪ್ರಿಯಾ ಡಬ್ಬಿ ಇಟ್ಟು ಹೋದಳು, ಆ ದಿನ ಅವನು ಉಣ್ಣಲಿಲ್ಲ.

ಮಾರನೇ ಬೆಳಿಗ್ಗೆ ಹಿತ್ತಲ ಜಗಲಿಗೆ ಬಿಸಿಲು ಬಂದಾಗ ಫೋಟೋವನ್ನು ನಾಗುವಿನ ಕೈಗೆ ಕೊಟ್ಟ. ಅವಳು ಸೆರಗಿನಲ್ಲಿ ಕೈಯೊರೆಸಿಕೊಂಡು ತೆಗೆದುಕೊಂಡಳು. ಒಂದೇ ಸಲಕ್ಕೆ ಪೂರ್ತಿ ನೋಡಲು ಅವಳಿಂದಾಗದು. ಕಾಗದವನ್ನು ಮೂಗಿನ ಹತ್ತಿರ ತಂದು, ಉಳಿದ ಕಣ್ಣಿನ ಕೊಳವೆಯ ಮುಂದೆ ನಿಧಾನ ಸರಿಸತೊಡಗಿದಳು. ಬೈತಲೆ ಸಿಕ್ಕಿತು. ನಾನೇ ಬಾಚಿದ್ದು ಎಂದಳು. ಕಣ್ಣು ಸಿಕ್ಕಿತು. ಅಲ್ಲಿ ಬಹಳ ಹೊತ್ತು ನಿಂತಳು. ಮೂಗು, ತುಟಿ, ಗಲ್ಲ. ದಿನಕರ ಅವಳ ಮುಖವನ್ನೇ ಕಾಯುತ್ತಿದ್ದ. ಅಳುತ್ತಾಳೆ, ಅತ್ತು ಹಗುರಾಗುತ್ತಾಳೆ ಎಂದುಕೊಂಡಿದ್ದ. ನಾಗು ಅಳಲಿಲ್ಲ. ಗಲ್ಲದಿಂದ ಕೆಳಗಿಳಿದು ಕೊರಳಿಗೆ ಬಂದವಳು ಅಲ್ಲೇ ಆಚೆ ಈಚೆ ಹುಡುಕತೊಡಗಿದಳು, ಕತ್ತಲೆಯಲ್ಲಿ ಬೆಂಕಿಪೆಟ್ಟಿಗೆ ತಡಕುವವರ ಹಾಗೆ.

“ನನ್ನ ಕೈ ಎಲ್ಲಿ?” ಎಂದಳು.

ದಿನಕರನಿಗೆ ಅರ್ಥವಾಗಲಿಲ್ಲ.

“ಇಲ್ಲಿ ನನ್ನ ಕೈ ಇತ್ತು. ಎರಡೂ ಬದಿಗೆ. ಎಂತ ಮಾಡ್ದೆ ಅದನ್ನ?”

ಅವನಿಗೆ ಬೂಷ್ಟು ಎಂದು ಒರೆಸಿದ ಆ ಉದ್ದುದ್ದ ಕಲೆಗಳು ನೆನಪಾದವು. ಹೌದು, ಅವು ಬೆರಳುಗಳು. ಹತ್ತಾರು ವರ್ಷ ಮಂದಿಯ ಫೋಟೋ ತಿದ್ದಿದವನು ತಾಯಿಯ ಬೆರಳನ್ನು ಬೂಷ್ಟು ಎಂದು ಉಜ್ಜಿಹಾಕಿದ್ದ.

ಆಗ ನಾಗು ಹೇಳಿದಳು. ಜ್ವರದಲ್ಲಿ ತೆಗೆದ ಫೋಟೋ ಎಂದು ಅವನಿಗೆ ಹೇಳಿಕೊಂಡು ಬಂದದ್ದು ಸುಳ್ಳು. ಗಂಗೆ ಬೆಳಗಿನ ಜಾವ ಕಣ್ಣು ಮೇಲೆ ಮಾಡಿದ್ದಳು. ಮೈ ತಣ್ಣಗಾಯಿತು, ಮುಗಿಯಿತು ಎಂದು ನೆರೆಮನೆಯ ಹಿರಿಯರು ಮೂಗಿನ ಹತ್ತಿರ ಬೆರಳಿಟ್ಟು ನೋಡಿ ಹೇಳಿದರು. ಮಳೆ ಸ್ವಲ್ಪ ಬಿಟ್ಟದ್ದೇ ಮಣ್ಣು ಮಾಡುವುದೆಂದು ಗಂಡಸರು ಗುಂಡಿ ತೋಡಲು ಹೋದರು. ಆಗಲೇ ನಾಗುವಿಗೆ ಹೊಳೆದದ್ದು, ಮಗುವಿನ ಒಂದು ಫೋಟೋ ಕೂಡ ಇಲ್ಲವೆಂದು. ಆಯುಷ್ಯದ ಭಯ ಇನ್ನಿಲ್ಲವಲ್ಲ. ತೆಗಿ ಎಂದು ಗಂಡನ ಕಾಲು ಹಿಡಿದಳು. ಗಣಪ ಕ್ಯಾಮರಾ ತಂದು ನಿಲ್ಲಿಸಿದ. ಮಗುವಿಗೆ ಫ್ರಾಕು ಹಾಕಿ, ತಲೆ ಬಾಚಿ, ಬೆತ್ತದ ಕುರ್ಚಿಯಲ್ಲಿ ಕೂರಿಸಿದರೆ ಕೊರಳು ನಿಲ್ಲಲಿಲ್ಲ. ಆಗ ಅವನು ಕ್ಯಾಮರಾದ ಕರಿ ಬಟ್ಟೆಯನ್ನು ಹೆಂಡತಿಯ ಮೇಲೆ ಹೊದೆಸಿ, ಕುರ್ಚಿಯ ಹಿಂದೆ ಕೂರಿಸಿ, ಮಗಳ ಕೊರಳು ಹಿಡಿದುಕೊಳ್ಳಲು ಹೇಳಿದ. ಮಳೆಗಾಲದ ಮಬ್ಬಿನಲ್ಲಿ ಲೆನ್ಸಿನ ಮುಚ್ಚಳ ತೆಗೆದು ಎಂಟು ಎಣಿಸುವವರೆಗೆ ಯಾರೂ ಅಲುಗಬಾರದು ಎಂದ.

“ನಾನು ಬಟ್ಟೆ ಒಳಗಿದ್ದೆ. ಎಂತದೂ ಕಾಣ್ತಿರಲಿಲ್ಲ,” ಎಂದಳು ನಾಗು. “ಅವರು ಎಣಿಸ್ತಾ ಇದ್ರು. ನಡುವೆ ನನ್ನ ಬೆರಳಡಿಗೆ ಮಗು ಒಂದ್ಸಲ ಎಂಜಲು ನುಂಗ್ತು.”

ಬಾವಿಕಟ್ಟೆಯ ಹತ್ತಿರ ಸುಪ್ರಿಯಾ ಬಟ್ಟೆ ಒಗೆಯುತ್ತಿದ್ದಳು. ಒಗೆಯುವ ಸದ್ದು ನಿಂತಿತು.

ತಾನು ಉಸಿರು ಬಿಗಿಹಿಡಿದು ಕೂತೆ, ಅಲುಗಬಾರದು ಎಂದಿದ್ದರಲ್ಲ, ಅಲುಗಲಿಲ್ಲ ಎಂದು ನಾಗು ಹೇಳಿದಳು. ಬಟ್ಟೆ ತೆಗೆಯುವಷ್ಟರಲ್ಲಿ ಗಂಡಸರು ಬಂದಿದ್ದರು. ಮಳೆ ಮತ್ತೆ ಹಿಡಿಯುತ್ತದೆ ಎಂದು ಅವಸರ ಮಾಡಿದರು. ಮಗುವಿನ ಮುಖ ನೋಡುವ ಮೊದಲೇ ಚಾಪೆ ಸುತ್ತಿದ್ದರು. ಆಮೇಲೆ ಗಂಡನ ಹತ್ತಿರ ಹೇಳಿದಳು, ಅದು ನುಂಗಿತು ಎಂದು.

ಅಪ್ಪ ಎಂತ ಹೇಳಿದ ಎಂದು ದಿನಕರ ಕೇಳಿದ. ನಾಗು ಫೋಟೋವನ್ನು ಅವನ ಕಡೆಗೆ ಚಾಚಿದಳು.

“ಎಷ್ಟು ವರ್ಷ ಆತು, ಆ ನುಂಗಿದ್ದು ಇನ್ನೂ ನನ್ನ ಬೆರಳಲ್ಲಿದ್ದು. ಅನ್ನ ಕಲಸೂಕೆ ಹೋದ್ರೂ ಇದ್ದು. ನಿನ್ನಪ್ಪನೇ ಹೇಳ್ತಿದ್ರು, ಅಲುಗಿದವರು ಫೋಟೋದಲ್ಲಿ ಎರಡಾಗಿ ಬರ್ತಾರೆ ಅಂತ. ನಾ ಅಲುಗಲಿಲ್ಲ. ಅದು ಅಲುಗಿತಾ ಇಲ್ವಾ, ಅದು ಪ್ಲೇಟಿನಲ್ಲಿ ಇರ್ತದೆ. ಇದ್ದದ್ದನ್ನ ಇದ್ದ ಹಂಗೇ ತೆಗೆದು ಕೊಡು. ತಿದ್ದಬೇಡ.”

ದಿನಕರ ಸ್ಟುಡಿಯೋಕ್ಕೆ ಹೋಗಿ ಬಾಗಿಲು ಹಾಕಿಕೊಂಡ. ಪ್ಲೇಟನ್ನು ಮತ್ತೆ ಸ್ಕ್ಯಾನರಿನ ಮೇಲಿಟ್ಟ. ಈ ಸಲ ಒಂದು ಚುಕ್ಕೆಯನ್ನೂ ಮುಟ್ಟದೆ ಪ್ರಿಂಟು ಕೊಟ್ಟ. ರೆಪ್ಪೆ ಎರಡಾಗಿ ಕಂಡದ್ದು ನೆನಪಿತ್ತು. ಸ್ಕ್ಯಾನರು ಅದುರಿದ್ದೇ ಇರಲಿ ದೇವರೇ ಎಂದು ಬೇಡಿಕೊಂಡ.

ಕಾಗದ ಹೊರಬಂತು. ಮೊದಲ ಸಲ ಬರೀ ಪರದೆ ಎಂದುಕೊಂಡು ದಾಟಿಹೋದ ಕಪ್ಪು ಪರದೆಯಾಗಿರಲಿಲ್ಲ. ಅದಕ್ಕೆ ಮಡಿಕೆಗಳಿದ್ದವು. ಅಚ್ಚ ಕಪ್ಪಿನೊಳಗಿಂದ ತಿಳಿ ಕಪ್ಪು ಎದ್ದು ಬಂದು ಒಂದು ತಲೆಯ ಗುಂಡು, ಬಾಗಿದ ಹೆಗಲು ಕಂಡವು. ಮಗಳ ಹಿಂದೆ ಮುಖವಿಲ್ಲದ ತಾಯಿ ಕೂತಿದ್ದಳು. ಬಟ್ಟೆಯಿಂದ ಹೊರಬಂದ ಬೆರಳುಗಳು ಎಷ್ಟು ಸ್ಪಷ್ಟವಾಗಿದ್ದವೆಂದರೆ ಉಗುರಿನ ಸಂದಿಯ ಅರಿಶಿಣದ ಕಲೆಯನ್ನೂ ಎತ್ತಿ ತೋರಿಸಬಹುದಿತ್ತು. ಎಂಟು ಎಣಿಸುವಷ್ಟು ಹೊತ್ತೂ ಆ ಬೆರಳುಗಳು ಕಲ್ಲಿನ ಹಾಗಿದ್ದವು. ಕುರ್ಚಿಯ ಬೆತ್ತದ ಹೆಣಿಗೆ ಸ್ಪಷ್ಟ. ಕಾಲರಿನ ಹೊಲಿಗೆ ಸ್ಪಷ್ಟ. ಸ್ಕ್ಯಾನರು ಅದುರಿದ್ದರೆ ಇವೂ ಎರಡಾಗಬೇಕಿತ್ತು. ತಾಯಿಯ ಕೈ ನಡುಗಿದ್ದರೆ ಬೆರಳು ಎರಡಾಗಬೇಕಿತ್ತು.

ರೆಪ್ಪೆ ಎರಡಾಗಿತ್ತು. ಕೆಳತುಟಿ ಎರಡಾಗಿತ್ತು. ಕೊರಳಿನ ನಡುವೆ, ಎರಡು ಕಡೆಯ ಸ್ಪಷ್ಟ ಬೆರಳುಗಳ ನಡುವೆ, ಒಂದು ಮಸುಕಿತ್ತು.

ಕೂದಲೆಳೆಯಷ್ಟೇ ಎರಡು. ಆ ಎಳೆ ಇದ್ದದ್ದು ಬರೀ ಮೂರನೇ ಕಪ್ಪಿನಲ್ಲಿ. ಹಳೇ ಮಿಷನ್ನಿನಲ್ಲಿ ಅದನ್ನೇ ಹಾಕಿ ನೋಡಿದ. ಕರಿ ಚುಕ್ಕೆಗಳ ನಡುವೆ ಅದು ಮಾಯವಾಗಿ ಮಗು ಶಾಂತವಾಗಿ ಕೂತಿತ್ತು. ಸತ್ತ ಮೈಯ ನರ ಕೂಡ ಒಮ್ಮೊಮ್ಮೆ ಎಳೆಯುತ್ತದೆ ಎಂದು ಅವನು ಕೇಳಿದ್ದ. ಇರಬಹುದು. ಯಾವ ಡಾಕ್ಟರ ಹತ್ತಿರ ಹೋಗಿ ಕೇಳಬೇಕು, ಏನೆಂದು ಕೇಳಬೇಕು? ಉತ್ತರ ಹೌದಾದರೂ ಅಲ್ಲವಾದರೂ ಆ ಗುಂಡಿಯನ್ನು ಮುಚ್ಚಿ ಅಷ್ಟು ಕಾಲವಾಗಿತ್ತು. ಅವನು ಮೇಜಿಗೆ ತಲೆಯಿಟ್ಟು ಅತ್ತ. ಯಾರಿಗಾಗಿ ಅತ್ತದ್ದೆಂದು ಅವನಿಗೇ ಗೊತ್ತಿರಲಿಲ್ಲ.

ಅತ್ತು ಸುಧಾರಿಸಿಕೊಂಡ ಮೇಲೆ ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದ. ಫೋಟೋದವನ ಮಗ, ನೆಗೆಟಿವು ಓದುವುದು ಅವನಿಗೆ ಚಿಕ್ಕಂದಿನಿಂದ ಬಂದ ವಿದ್ಯೆ. ಇಷ್ಟು ದಿನ ಯಾಕೆ ನೋಡಲಿಲ್ಲವೋ. ಬಿಂಬ ತೆಳುವಾಗಿತ್ತು ನಿಜ, ಆದರೆ ಕೆಟ್ಟಿರಲಿಲ್ಲ. ಕಪ್ಪು ಬಿಳುಪು ಎತ್ತಿ ತೋರುವ ಗಟ್ಟಿ ಕಾಗದ ಹಾಕಿ, ಮುಖದ ಮೇಲೆ ಬೀಳುವ ಬೆಳಕಿಗೆ ಸ್ವಲ್ಪ ಹೊತ್ತು ಕೈ ಅಡ್ಡ ಹಿಡಿದಿದ್ದರೆ ಅಪ್ಪ ಇದನ್ನು ಸಲೀಸಾಗಿ ಪ್ರಿಂಟು ಹಾಕುತ್ತಿದ್ದ. ಇದಕ್ಕಿಂತ ತೆಳು ಪ್ಲೇಟುಗಳಿಂದ ಎಷ್ಟು ಮಂದಿಯ ಮುಖ ಎತ್ತಿಕೊಟ್ಟಿರಲಿಲ್ಲ ಅವನು! ಹಾಕಿದ್ದ, ಖಂಡಿತ ಒಮ್ಮೆ ಹಾಕಿದ್ದ. ಕೆಂಪು ದೀಪದಡಿ ಮದ್ದಿನ ನೀರಿನ ತಟ್ಟೆಯಲ್ಲಿ ಆ ರೆಪ್ಪೆ ಎರಡಾಗಿ ಮೇಲೇಳುವುದನ್ನು ನೋಡಿದ್ದ. ನೋಡಿ, ಅದನ್ನು ಹರಿದು, ಬೇರೆ ಕಾಗದಕ್ಕೆ ಬೆಳಕು ಸುರಿದು ಸುರಿದು ಎಲ್ಲವನ್ನೂ ಕಪ್ಪು ಮಾಡಿದ್ದ. ಅದಕ್ಕೆ ಚೌಕಟ್ಟು ಹಾಕಿಸಿ, ಅದರ ಕೆಳಗೇ ಮಣೆ ಹಾಕಿಕೊಂಡು ಜೀವಮಾನವಿಡೀ ಊಟ ಮಾಡಿದ್ದ. ಸ್ವಂತ ಮಗಳ ಫೋಟೋಕ್ಕೇ ಕೈ ಬರಲಿಲ್ಲ ಎಂದು ಊರು ಮರುಗುವುದನ್ನು ಬಾಯಿ ಮುಚ್ಚಿ ಕೇಳಿಸಿಕೊಂಡಿದ್ದ. ದಿನಕರನಿಗೆ ಅಪ್ಪನ ಮೇಲೆ ಕೆಟ್ಟ ಸಿಟ್ಟು ಬಂತು. ಆ ಸಿಟ್ಟಿನ ಜೊತೆಗೇ, ಈ ಕ್ಷಣ ಅಪ್ಪ ಪಕ್ಕದಲ್ಲಿದ್ದಿದ್ದರೆ ಅವನ ಹೆಗಲಿಗೆ ತಲೆಯಿಡುತ್ತಿದ್ದೆ ಎಂದೂ ಅನ್ನಿಸಿತು.

ಪ್ಲೇಟನ್ನು ಒಡೆಯಲು ಎತ್ತಿದ. ಒಡೆಯಲಾಗಲಿಲ್ಲ. ಅಪ್ಪನಿಂದಲೂ ಆಗಿರಲಿಲ್ಲವಲ್ಲ.

ಕಂಪ್ಯೂಟರಿನ ಮುಂದೆ ಕೂತು ಬೆರಳುಗಳನ್ನು ಇದ್ದ ಹಾಗೇ ಬಿಟ್ಟ, ಬಟ್ಟೆಯ ಮಡಿಕೆ ಬಿಟ್ಟ. ರೆಪ್ಪೆಯನ್ನು ಮಾತ್ರ ಒಂದು ಮಾಡಿದ. ತುಟಿಯನ್ನು ಒಂದು ಮಾಡಿದ. ಕೊರಳಿನ ಮಸುಕಿಗೆ ಪಕ್ಕದ ಚರ್ಮದ ತೇಪೆ ಹಾಕಿದ. ಮೊದಲ ಸಲ ತಿಳಿಯದೆ ಮಾಡಿದ ಕೆಲಸವನ್ನೇ ಈ ಸಲ ತಿಳಿದು ಮಾಡಿದ, ಕೈ ಮಾತ್ರ ಆ ದಿನದ ಹಾಗೆ ಓಡಲಿಲ್ಲ. ಮಿಷನ್ನು ಮೂರು ಕಪ್ಪನ್ನೂ ಸುರಿದು ಆ ಸುಳ್ಳನ್ನು ಬಹಳ ಚೆಂದಾಗಿ ಹಾಕಿಕೊಟ್ಟಿತು. ತಿದ್ದದ ಪ್ರಿಂಟನ್ನು ಸ್ಟುಡಿಯೋದ ಹಿತ್ತಲಲ್ಲಿ ಸುಟ್ಟ.

ಮನೆಗೆ ಹೋದಾಗ ಇಳಿಬಿಸಿಲು ಜಗಲಿಯಲ್ಲಿತ್ತು. ನಾಗು ಬೆಳಗ್ಗೆ ಕೂತಲ್ಲೇ ಕೂತಿದ್ದಳು. ಫೋಟೋವನ್ನು ಇಸಿದುಕೊಂಡು ನೇರ ಕೊರಳಿಗೆ ಹೋದಳು. ಬೆರಳು ಸಿಕ್ಕಿತು. ಒಂದೊಂದಾಗಿ ಎಲ್ಲ ಬೆರಳನ್ನೂ ನೋಡಿದಳು, ತನ್ನ ಕೈಯನ್ನು ಕಾಗದದ ಪಕ್ಕ ಇಟ್ಟು ಹೋಲಿಸಿ ನೋಡಿದಳು. ಆ ಕೈಯಲ್ಲಿ ಈಗ ಮೂಳೆ, ನರ ಬಿಟ್ಟು ಬೇರೆ ಉಳಿದಿರಲಿಲ್ಲ. ಆಮೇಲೆ ಮೇಲಕ್ಕೆ ಸರಿದು ತುಟಿಗೆ ಬಂದಳು, ಕಣ್ಣಿಗೆ ಬಂದಳು. ಕಾಗದವನ್ನು ಬಿಸಿಲಿಗೆ ತಿರುಗಿಸಿದಳು, ಹತ್ತಿರ ತಂದಳು, ದೂರ ಹಿಡಿದಳು. ಅವಳ ಉಸಿರಿಗೆ ಕಾಗದ ಮಂಜಾಗುತ್ತಿತ್ತು. ಸುಪ್ರಿಯಾ ಅಡಿಗೆಮನೆ ಬಾಗಿಲಿಗೆ ಬಂದು ನಿಂತಿದ್ದಳು.

ಕೊನೆಗೆ ನಾಗು ಫೋಟೋವನ್ನು ಮಡಿಲಿಗೆ ಇಳಿಸಿದಳು.

“ಅಷ್ಟು ಸಣ್ಣದು ನಂಗೆ ಕಾಣೂದಿಲ್ಲ ತಮಾ. ಕಣ್ಣಿಗೆ ಹೊತ್ತು ಮೀರಿತು. ನೀ ನೋಡಿ ಹೇಳು.”

ದಿನಕರ ಅವಳ ಎದುರು ಕುಕ್ಕರುಗಾಲಲ್ಲಿ ಕೂತ. ಫೋಟೋ ನೋಡಿದ ಹಾಗೆ ಮಾಡಿದ. ಜಗಲಿಯ ಕೆಂಪು ನೆಲದಲ್ಲಿ ಇರುವೆಗಳು ಸಾಲಾಗಿ ಹೋಗುತ್ತಿದ್ದವು, ಅವನ್ನು ನೋಡಿದ.

“ನಿನ್ನ ಕೈ ಒಂಚೂರೂ ಅಲುಗಲಿಲ್ಲ ಅವ್ವಿ,” ಎಂದ. “ಅದೂ ಅಲುಗಲಿಲ್ಲ.”

ನಾಗು ಕಾಣದ ಕಣ್ಣನ್ನೂ ಕಾಣುವ ಕಣ್ಣನ್ನೂ ಅವನ ದನಿ ಬಂದ ಕಡೆ ತಿರುಗಿಸಿದಳು. ಮಡಿಲಲ್ಲಿದ್ದ ಫೋಟೋದ ಮೇಲೆ ಅವಳ ಎರಡು ಕೈಗಳೂ ಮೆಲ್ಲಗೆ ಸರಿದು ಕಾಗದದ ಎರಡು ಅಂಚು ಹಿಡಿದವು.

“ನಿನ್ನಪ್ಪನೂ ಇದನ್ನೇ ಹೇಳಿದ್ರು,” ಎಂದಳು. “ಹಿಂಗೇ, ಒಂಚೂರು ತಡೆದು.”